ಕಡದ ಕಾಳು, ಬಿತ್ತನೆಯ ಕಾಳು

ಅಕ್ಕಿ ಕಾರ್ಡಿರುವ ಮನೆಗೆ ಇಂದು ಚೆನ್ನೈಯಲ್ಲಿ ರೇಷನ್ ಅಕ್ಕಿ ಉಚಿತ. ಚೀಲ ಹಿಡಿದು ಹೋಗಿ ಅದನ್ನು ತರುವ ಮಕ್ಕಳಿಗೆ, ದೇಶದ ಹೊಟ್ಟೆಪಾಡು ಹಡಗಿನ ದಾರಿ ಕಾಯುತ್ತಿದ್ದ ಕಾಲವೊಂದಿತ್ತೆಂದರೆ ನಂಬಿಕೆಯಾಗದು.

1965ರಲ್ಲಿ ಪಾಕಿಸ್ತಾನದೊಡನೆ ಯುದ್ಧ; ಅದೇ ವರ್ಷ ಮಳೆಯೂ ಕೈಕೊಟ್ಟಿತು. ಆಗ ನಾವು ನೆಚ್ಚಿದ್ದುದು ಅಮೆರಿಕದ ಪಿ.ಎಲ್. 480 ಗೋಧಿಯನ್ನು. ಆ ದೇಶವೋ ಹೊಸ ನೆರವನ್ನು ತಡೆಹಿಡಿದು, ಗೋಧಿಯನ್ನು ಸ್ವಲ್ಪಸ್ವಲ್ಪವಾಗಿ ಅಳೆದು ಕೊಡತೊಡಗಿತು. ಗಡಿಯಲ್ಲಿ ನಮ್ಮ ಸಿಪಾಯಿ. ಉಗ್ರಾಣದ ಬೀಗದಕೈ ಪರರಲ್ಲಿ! ಸೋಮವಾರದ ರಾತ್ರಿಯೂಟ ಬಿಡಿರೆಂದು ಪ್ರಧಾನಿ ಶಾಸ್ತ್ರಿಗಳು ಜನರನ್ನು ಕೇಳಿಕೊಂಡರು. ನೆರವು ಕೊಡುವವರ ಒತ್ತಾಯಕ್ಕೆ ಮಣಿದು 1966ರ ಜೂನ್ 6ರಂದು ರೂಪಾಯಿಯ ಬೆಲೆ ಇಳಿಸಿದ್ದಾಯಿತು, 4.76 ರೂಪಾಯಿಗೆ ಸಿಗುತ್ತಿದ್ದ ಡಾಲರಿಗೆ 7.50 ತೆರಬೇಕಾಯಿತು. ಮದರಾಸಿನಲ್ಲಂತೂ ಅಕ್ಕಿಯ ಅಭಾವವೇ 1967ರ ಚುನಾವಣೆಯ ದೊಡ್ಡ ಮಾತಾಯಿತು.

ಅದೇ ಮದರಾಸಿನ ಕಡೆಯವರಾದ ಸಿ. ಸುಬ್ರಹ್ಮಣ್ಯಂ ಆಗ ಕೇಂದ್ರದ ಆಹಾರ ಮಂತ್ರಿಗಳು. ಅವರ ಕಾಲದಲ್ಲಿ, 1966ರಲ್ಲಿ, ಮೆಕ್ಸಿಕೋದಿಂದ 18,000 ಟನ್ ಗೋಧಿ ಬಂದಿತು. ಅದೂ ಪರದೇಶದ ಕಾಳೇ. ಆದರೆ ಬಂದದ್ದು ಬೀಸುವ ಕಲ್ಲಿಗಲ್ಲ, ಹೊಲಕ್ಕೆ. 1971ರಲ್ಲಿ ಮತ್ತೆ ಯುದ್ಧ ಬಂದು, ಅಮೆರಿಕ ಮತ್ತೆ ನೆರವು ತಡೆದಾಗ, ನಮ್ಮ ಕಣಜದಲ್ಲಿ ನಮ್ಮ ಗೋಧಿಯಿತ್ತು.

ನೆರೆಮನೆಯಿಂದ ಕಡ ತರುವುದು ಯಾವ ಸಂಸಾರಕ್ಕೂ ಅವಮಾನವಲ್ಲ. ತಂದ ಸೇರಿನಲ್ಲಿ ಉಂಡದ್ದೆಷ್ಟು, ನಾಳೆಗೆ ಬಿತ್ತಿದ್ದೆಷ್ಟು ಎಂಬ ಲೆಕ್ಕವನ್ನು ಮಾತ್ರ ಮನೆಯಾಗಲಿ ದೇಶವಾಗಲಿ ಮರೆಯಬಾರದು.