ಹಳೆಯ ಕಾರಿನ ಕೀಲಿಗೆ ಹೊಸ ಬುಷ್

ಮಳೆಗಾಲ ಕಳೆದ ಮೇಲೆ ದಾಂಡೇಲಿಯ ಅಂಬೇವಾಡಿಯಲ್ಲಿ ಹಳೆಯ ಕಾರೊಂದು ರಸ್ತೆಯ ಗುಂಡಿಗಿಳಿದಾಗ ಮುಂದಿನ ಚಕ್ರದ ಬಳಿ ‘ಟಕ್’ ಎಂದು ಸದ್ದಾಯಿತೆನ್ನಿ. ಸಸ್ಪೆನ್ಷನ್ನಿನ ಬುಷ್ ಸವೆದಿರಬಹುದು. ಸ್ಟೀರಿಂಗ್ ಒಂದು ಕಡೆಗೆ ಎಳೆಯುವುದು, ಟೈರಿನ ಒಂದೇ ಅಂಚು ಸವೆಯುವುದು ಇದರ ಇತರ ಲಕ್ಷಣಗಳು.

ಏನಿದು ಬುಷ್? ನಮ್ಮ ಮೂಳೆಗಳ ಕೀಲಿನಲ್ಲಿ ಮೃದ್ವಸ್ಥಿ ಇರುವಂತೆ, ಚಕ್ರವನ್ನು ಹಿಡಿದ ಉಕ್ಕಿನ ತೋಳಿಗೂ ಕಾರಿನ ಒಡಲಿಗೂ ನಡುವೆ ಇರುವ ರಬ್ಬರು. ಸಾಮಾನ್ಯವಾಗಿ ಒಂದರೊಳಗೊಂದಿರುವ ಎರಡು ಉಕ್ಕಿನ ಕೊಳವೆಗಳ ನಡುವೆ ಇದನ್ನು ಬೆಸೆದಿರುತ್ತಾರೆ. ತೋಳು ಮೇಲೆ ಕೆಳಗೆ ಆಡಿದಾಗ ಏನೂ ಜಾರುವುದಿಲ್ಲ. ರಬ್ಬರೇ ತಿರುಚಿಕೊಂಡು ಮತ್ತೆ ಮೊದಲಿನಂತಾಗುತ್ತದೆ. ಗಂಧಕ ಬೆರೆಸಿ ಕಾಯಿಸಿ ರಬ್ಬರಿಗೆ ಈ ಗಟ್ಟಿತನ ತರುವ ವಿಧಾನವನ್ನು 1839ರಲ್ಲಿ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ಕಂಡುಕೊಂಡ. ಆದರೂ ಶಾಖ, ಓಝೋನ್, ಎಣ್ಣೆಗಳ ದಾಳಿಗೆ ರಬ್ಬರು ಕ್ರಮೇಣ ಬಿರಿಯುತ್ತದೆ.

1983ರಲ್ಲಿ ರಸ್ತೆಗಿಳಿದು 2014ರಲ್ಲಿ ತಯಾರಿಕೆ ನಿಂತ ಮಾರುತಿ 800ರಂಥ ಕಾರು ಮನೆಯಲ್ಲಿದ್ದರೆ, ಕೆಲಸ ಬಲ್ಲ ಹಿರಿಯರ ಜೊತೆ ಮಕ್ಕಳೂ ರಜೆಯಲ್ಲಿ ಇದನ್ನು ಕಲಿಯಬಹುದು. ಆದರೆ ಮೊದಲ ಪಾಠ ಜಾಗ್ರತೆಯದು. ಜ್ಯಾಕ್ ಇರುವುದು ಕಾರನ್ನು ಎತ್ತಲು, ಹೊತ್ತು ನಿಲ್ಲಲು ಅಲ್ಲ. ಸಮತಟ್ಟಾದ ಗಟ್ಟಿ ನೆಲದಲ್ಲಿ ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಒಡಲನ್ನು ಉಕ್ಕಿನ ಸ್ಟ್ಯಾಂಡುಗಳ ಮೇಲೆ ಕೂರಿಸಬೇಕು. ಇಟ್ಟಿಗೆ ಪೇರಿಸುವುದು ಜೀವಕ್ಕೇ ಅಪಾಯ.

ತೋಳನ್ನು ಬಿಚ್ಚಿ ಬೆಂಚ್ ವೈಸಿಗೆ ಸಿಕ್ಕಿಸಿ. ಬುಷ್‌ನ ಅಗಲದ ಸಾಕೆಟ್ ಒಂದು ಬದಿ, ಅದಕ್ಕಿಂತ ದೊಡ್ಡದು ಇನ್ನೊಂದು ಬದಿ ಇಟ್ಟು ಅದುಮಿದರೆ ಹಳೆಯದು ಹೊರಬರುತ್ತದೆ. ಬೆಂಕಿ ಹಚ್ಚಿ ತೆಗೆಯಬಾರದು. ರಬ್ಬರಿನ ಹೊಗೆ ವಿಷ. ಹೊಸದನ್ನು ಕೂರಿಸಲು ಸೋಪಿನ ನೀರು ಸಾಕು. ಗ್ರೀಸು, ಎಂಜಿನ್ ಎಣ್ಣೆ ತಾಗಿದರೆ ರಬ್ಬರು ಉಬ್ಬಿ ಕೆಡುತ್ತದೆ. ಎರಡೂ ಬದಿಯ ಬುಷ್ಗಳನ್ನು ಒಟ್ಟಿಗೇ ಬದಲಿಸುವುದು ಒಳ್ಳೆಯದು.

ಹಲವರು ಎಡವುವುದು ಕೊನೆಯಲ್ಲಿ. ಚಕ್ರ ಗಾಳಿಯಲ್ಲಿ ತೂಗುತ್ತಿರುವಾಗಲೇ ಬುಷ್‌ನ ಬೋಲ್ಟನ್ನು ಪೂರ್ತಿ ಬಿಗಿದರೆ, ಕಾರು ನೆಲಕ್ಕಿಳಿದೊಡನೆ ರಬ್ಬರು ತಿರುಚಿಕೊಳ್ಳುತ್ತದೆ. ನಿಂತಲ್ಲೂ ತಿರುಚಿಕೊಂಡೇ ಇರುವ ರಬ್ಬರು ಬೇಗ ಹರಿಯುತ್ತದೆ. ಆದ್ದರಿಂದ ಬೋಲ್ಟನ್ನು ಮೊದಲು ಅರೆಬಿಗಿ ಮಾಡಿ, ಕಾರನ್ನು ಚಕ್ರಗಳ ಮೇಲೆ ಇಳಿಸಿ, ಮುಂಭಾಗವನ್ನು ಎರಡು ಸಲ ಅದುಮಿ ಬಿಟ್ಟು, ಪಕ್ಕದಿಂದ ಕೈ ಚಾಚಿ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿಯಬೇಕು. ಬಳಿಕ ವರ್ಕ್‌ಶಾಪಿನಲ್ಲಿ ವ್ಹೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು.

ತೆಗೆದ ಬುಷ್ ಎಸೆಯಬೇಡಿ. ಬಿರುಕುಗಳನ್ನು ಮಕ್ಕಳಿಗೆ ತೋರಿಸಿ. ಸ್ಥಿತಿಸ್ಥಾಪಕತೆಗೂ ಮಿತಿಯುಂಟೆಂಬ ಭೌತಶಾಸ್ತ್ರದ ಪಾಠ ಅಂಗೈಯಲ್ಲೇ ಇರುತ್ತದೆ.