ಆಯಿಗೆ ಫ್ರೀರೆನ್ ತೋರಿಸಿದ ದಿನ

‘ಇಷ್ಟ್ ದೊಡ್ಡಂವ ಆಗೀದಿ, ಇನ್ನಾ ಕಾರ್ಟೂನ್ ನೋಡ್ತಿ ಏನೋ ತಮ್ಮಾ?’

ನಮ್ಮ ಆಯಿ ವಾರಕ್ಕೊಮ್ಮೆಯಾದರೂ ಕೇಳುವ ಪ್ರಶ್ನೆ ಇದು. ನನಗೀಗ ಇಪ್ಪತ್ತು ವರ್ಷ, ಬಿಇ ಮೂರನೇ ವರ್ಷ. ಬೆಳಿಗ್ಗೆ ಮಹಾಗಾಂವ ಕ್ರಾಸ್‌ನಲ್ಲಿ ಬಸ್ ಹತ್ತಿದರೆ ಕಲಬುರಗಿ, ಸಂಜೆ ಮತ್ತೆ ವಾಪಸ್. ಸೀಟು ಸಿಕ್ಕರೆ ಹೋಗುವಾಗ ಒಂದು ಎಪಿಸೋಡ್, ಬರುವಾಗ ಒಂದು. ಪಕ್ಕದಲ್ಲಿ ಕುಳಿತವರು ಮೊಬೈಲ್‌ನೊಳಗೆ ಇಣುಕಿ, ‘ಬೊಂಬಿ ನೋಡ್ಲತ್ತಾನ’ ಎಂಬ ಮುಖ ಮಾಡಿ ತಿರುಗುತ್ತಾರೆ. ರೂಢಿಯಾಗಿದೆ.

ಜಪಾನಿನಲ್ಲಿ ತಯಾರಾಗುವ ಈ ಅನಿಮೇಷನ್ ಧಾರಾವಾಹಿಗಳಿಗೆ ಅನಿಮೆ ಎನ್ನುತ್ತಾರೆ. ಇದು ನಮ್ಮ ತಲೆಮಾರಿನ ಹುಚ್ಚು ಎಂದುಕೊಂಡವರಿಗೆ ಒಂದು ಮಾತು. ಅಪ್ಪ ಚಿಕ್ಕವನಿದ್ದಾಗ ಭಾನುವಾರ ಬೆಳಿಗ್ಗೆ ದೂರದರ್ಶನದಲ್ಲಿ ಮೋಗ್ಲಿಯ ‘ಜಂಗಲ್ ಬುಕ್’ ನೋಡಲು ಟಿವಿ ಇದ್ದವರ ಮನೆಗೆ ಓಡುತ್ತಿದ್ದನಂತೆ. ಅದು 1989ರಲ್ಲಿ ಜಪಾನಿನಲ್ಲಿ ತಯಾರಾದ ಅನಿಮೆ. ಹೇಳಿದರೆ ಅಪ್ಪ ಇವತ್ತಿಗೂ ನಂಬುವುದಿಲ್ಲ. ‘ಮೋಗ್ಲಿ ನಮ್ಮಂವ’ ಎನ್ನುತ್ತಾನೆ.

ಇತ್ತೀಚೆಗೆ ನೋಡಿದವುಗಳಲ್ಲಿ ನಾಲ್ಕು ಧಾರಾವಾಹಿಗಳ ಬಗ್ಗೆ ನನಗನಿಸಿದ್ದನ್ನು ಹೇಳುತ್ತೇನೆ. ಎಲ್ಲರೂ ಹೊಗಳುವುದನ್ನು ನಾನು ಪೂರ್ತಿ ಹೊಗಳಲಾರೆ. ಅದಕ್ಕೆ ಕಾರಣವೂ ಇದೆ.

ಮೊದಲು ‘ಸೋಲೋ ಲೆವೆಲಿಂಗ್’. ಕೊರಿಯಾದ ಕಾದಂಬರಿಯಿಂದ ಬಂದ ಕಥೆ, 2024ರ ಜನವರಿಯಲ್ಲಿ ಶುರುವಾಯಿತು. ನಾಯಕ ಸುಂಗ್ ಜಿನ್‌ವೂ ರಾಕ್ಷಸರನ್ನು ಬೇಟೆಯಾಡುವವರಲ್ಲೇ ಎಲ್ಲರಿಗಿಂತ ದುರ್ಬಲ. ಸಾಯುವ ಸ್ಥಿತಿಯಿಂದ ಬದುಕಿ ಬಂದ ಮೇಲೆ ಅವನ ಕಣ್ಣಿಗೆ ಮಾತ್ರ ಒಂದು ಪರದೆ ಕಾಣತೊಡಗುತ್ತದೆ. ದಿನಾ ನೂರು ದಂಡ, ನೂರು ಬೈಠಕ್, ನೂರು ಸಿಟ್‌ಅಪ್, ಹತ್ತು ಕಿಲೋಮೀಟರ್ ಓಟ. ಮಾಡಿದರೆ ಅಂಕ, ಅಂಕ ಕೂಡಿದರೆ ಲೆವೆಲ್. ಹೀಗೇ ಬೆಳೆದು ಅವನು ಎಲ್ಲರನ್ನೂ ಮೀರಿಸುತ್ತಾನೆ. ಹಾಸ್ಟೆಲ್‌ನಲ್ಲಿರುವ ನನ್ನ ಗೆಳೆಯರು ಈ ವ್ಯಾಯಾಮ ಶುರು ಮಾಡಿದ್ದರು. ಮೂರು ದಿನ ನಡೆಯಿತು.

ಚಿತ್ರಣ ಅದ್ಭುತ, ಎರಡನೇ ಸೀಸನ್ನಿನಲ್ಲಿ ಇರುವೆಗಳ ರಾಜನ ಜೊತೆಗಿನ ಹೊಡೆದಾಟವನ್ನು ನಾನು ನಾಲ್ಕು ಸಲ ನೋಡಿದ್ದೇನೆ. ಆದರೆ ಅದನ್ನು ನೋಡಿದ ಕಾಲ ನನಗೆ ಸರಿ ಇರಲಿಲ್ಲ. ಮೂರನೇ ಸೆಮಿಸ್ಟರ್‌ನಲ್ಲಿ ಗಣಿತ ಬ್ಯಾಕ್ ಉಳಿದಿತ್ತು. ಮನೆಯಲ್ಲಿ ಹೇಳಿರಲಿಲ್ಲ. ನಾನೂ ಜಿನ್‌ವೂನಂತೆ ಯಾರಿಗೂ ಗೊತ್ತಾಗದಂತೆ ಒಬ್ಬನೇ ಓದಿ, ಒಮ್ಮೆಲೇ ಎದ್ದು ನಿಲ್ಲುತ್ತೇನೆ ಎಂದುಕೊಂಡೆ. ಪಕ್ಕದ ಬೆಂಚಿನ ಗೆಳೆಯನಿಗೆ ಆ ವಿಷಯ ಚೆನ್ನಾಗಿ ಬರುತ್ತಿತ್ತು, ಕೇಳಲಿಲ್ಲ. ಎರಡನೇ ಸಲವೂ ಫೇಲಾದೆ. ನನ್ನ ತಪ್ಪನ್ನು ಧಾರಾವಾಹಿಯ ಮೇಲೆ ಹಾಕುತ್ತಿಲ್ಲ. ಆದರೆ ಆ ಕಥೆಯಲ್ಲಿ ಜಿನ್‌ವೂ ಬೆಳೆದಂತೆಲ್ಲ ಉಳಿದವರು ಚಪ್ಪಾಳೆ ತಟ್ಟುವ ಪ್ರೇಕ್ಷಕರಾಗುತ್ತ ಹೋಗುತ್ತಾರೆ. ಅವನಿಗೆ ಯಾರೂ ಏನನ್ನೂ ಕಲಿಸುವುದಿಲ್ಲ. ರ‍್ಯಾಂಕ್, ಪ್ಯಾಕೇಜ್, ಪ್ಲೇಸ್‌ಮೆಂಟ್ ಎಂದು ಮೊದಲೇ ಓಡುತ್ತಿರುವ ನಮ್ಮಂಥವರಿಗೆ ಈ ಕಥೆ ಯಾಕೆ ಇಷ್ಟು ಹಿಡಿಸುತ್ತದೆ ಎಂದು ಯೋಚಿಸಬೇಕು.

ಇದರ ಎದುರಿಗೆ ‘ಡಾಕ್ಟರ್ ಸ್ಟೋನ್’ ಇಡುತ್ತೇನೆ. 2019ರಲ್ಲಿ ಶುರುವಾದ ಇದರ ಕೊನೆಯ ಸೀಸನ್ 2025ರ ಜನವರಿಯಿಂದ ಬಂತು. ಮನುಷ್ಯರೆಲ್ಲ ಕಲ್ಲಾಗಿ 3,700 ವರ್ಷ ಕಳೆದ ಮೇಲೆ ಸೆಂಕು ಎಂಬ ಹುಡುಗ ಎಚ್ಚರಗೊಂಡು ವಿಜ್ಞಾನವನ್ನು ಮೊದಲಿನಿಂದ ಕಟ್ಟುತ್ತಾನೆ. ಸಾಬೂನು, ಗಾಜು, ಸಲ್ಫಾ ಔಷಧ, ಫೋನ್. ಇವನಿಗೂ ಸಿಕ್ಕಾಪಟ್ಟೆ ಬುದ್ಧಿ. ಆದರೆ ಗಾಜು ಊದಲು ಕಸೆಕಿ ಎಂಬ ಮುದುಕನ ಕೈ ಬೇಕು, ಗಂಧಕಾಮ್ಲ ತರಲು ಜೊತೆಗಾರರ ಧೈರ್ಯ ಬೇಕು. ದೃಷ್ಟಿ ಮಂದವಿದ್ದ ಪುಟ್ಟ ಹುಡುಗಿ ಸುಯಿಕಾಗೆ ಕನ್ನಡಕ ಸಿಕ್ಕು, ಮೊದಲ ಸಲ ಸೂರ್ಯಕಾಂತಿ ಹೂಗಳನ್ನು ಸ್ಪಷ್ಟವಾಗಿ ನೋಡುವ ದೃಶ್ಯವಿದೆ. ನಾಲ್ಕು ಸೆಮಿಸ್ಟರ್‌ಗಳಲ್ಲಿ ಯಾರೂ ನನಗೆ ಎಂಜಿನಿಯರಿಂಗ್ ಅಂದರೆ ಏನೆಂದು ಅಷ್ಟು ಚೆನ್ನಾಗಿ ಹೇಳಿರಲಿಲ್ಲ.

ದೋಷಗಳೂ ಇವೆ. ಸೆಂಕುವಿನ ಪ್ರಯೋಗಗಳು ಬೇಗ ಬೇಗ ಫಲಿಸುತ್ತವೆ. ನಮ್ಮ ಲ್ಯಾಬಿನಲ್ಲಿ ರೀಡಿಂಗ್ ಸರಿ ಬಾರದಿದ್ದರೆ ಸೀನಿಯರ್ ರೆಕಾರ್ಡ್ ಪುಸ್ತಕ ನೋಡಿ ಬರೆಯುತ್ತೇವೆ, ಅವನಿಗೆ ಆ ಕಷ್ಟವೇ ಇಲ್ಲ. ಹೆಣ್ಣು ಪಾತ್ರಗಳನ್ನು ಬಿಡಿಸಿದ ರೀತಿ ಮನೆಯವರ ಮುಂದೆ ನೋಡಲು ಮುಜುಗರ ತರುತ್ತದೆ.

ಇನ್ನು ‘ಫ್ರೀರೆನ್’. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಹೇಳಬೇಕು.

2023ರ ಸೆಪ್ಟೆಂಬರ್‌ನಿಂದ 2024ರ ಮಾರ್ಚ್‌ವರೆಗೆ 28 ಎಪಿಸೋಡ್‌ಗಳಲ್ಲಿ ಬಂದ ಮೊದಲ ಸೀಸನ್. ಬೇರೆ ಕಥೆಗಳು ಮುಗಿಯುವಲ್ಲಿ ಇದು ಶುರುವಾಗುತ್ತದೆ. ನಾಲ್ವರು ಜೊತೆಗಾರರು ಹತ್ತು ವರ್ಷ ಅಲೆದು, ರಾಕ್ಷಸರ ರಾಜನನ್ನು ಕೊಂದು ಊರಿಗೆ ಮರಳಿದ್ದಾರೆ. ಅವರಲ್ಲಿ ಒಬ್ಬಳು ಫ್ರೀರೆನ್. ಮಂತ್ರ ಬಲ್ಲವಳು, ಸಾವಿರ ವರ್ಷಕ್ಕೂ ಹೆಚ್ಚು ಬದುಕುವ ಕುಲದವಳು. ಅವಳಿಗೆ ಆ ಹತ್ತು ವರ್ಷ ಅಂದರೆ ನಮಗೆ ಒಂದು ರಜೆ ಇದ್ದಂತೆ. ಐವತ್ತು ವರ್ಷ ಬಿಟ್ಟು ಗೆಳೆಯರನ್ನು ನೋಡಲು ಬಂದರೆ, ನಾಯಕ ಹಿಮೆಲ್ ಮುದುಕನಾಗಿದ್ದಾನೆ. ಸ್ವಲ್ಪ ದಿನಕ್ಕೆ ತೀರಿಕೊಳ್ಳುತ್ತಾನೆ.

ಕಳೆದ ಶ್ರಾವಣದ ಒಂದು ಭಾನುವಾರ, ಹೊರಗೆ ಮಳೆ. ನಾನು ಲ್ಯಾಪ್‌ಟಾಪ್ ಇಟ್ಟುಕೊಂಡು ಇದನ್ನು ಎರಡನೇ ಸಲ ನೋಡುತ್ತಿದ್ದೆ. ಆಯಿ ಪಕ್ಕದಲ್ಲಿ ತೊಗರಿ ಬೇಳೆ ಹಸನು ಮಾಡುತ್ತ ಕುಳಿತಿದ್ದಳು.

‘ಈ ಹುಡುಗಿ ಕಿವಿ ಯಾಕ ಹಿಂಗ್ ಉದ್ದ ಅದಾವ?’

‘ಆಕಿ ಸಾವಿರ ವರ್ಷ ಬದುಕ್ತಾಳ ಆಯಿ.’

ಆಯಿ ಮೊರದಿಂದ ತಲೆ ಎತ್ತಿದಳು. ‘ಸಾವಿರ ವರ್ಷ? ಪಾಪ, ಎಷ್ಟ್ ಮಂದೀನ ಕಳಿಸಿ ಬರಬೇಕು ಆಕಿ.’

ನಾನು ದಂಗಾದೆ. ಇಡೀ ಧಾರಾವಾಹಿಯ ಸಾರ ಅದೇ. ನನಗೆ ಅದು ತಿಳಿಯಲು ಹತ್ತು ಎಪಿಸೋಡ್ ಬೇಕಾಗಿದ್ದವು.

ಮಾತು ಜಪಾನಿ, ಕೆಳಗೆ ಬರಹ ಇಂಗ್ಲಿಷ್. ನಾನು ಒಂದೊಂದು ಮಾತಿಗೂ ನಿಲ್ಲಿಸಿ ನಮ್ಮ ಭಾಷೆಯಲ್ಲಿ ಹೇಳುತ್ತ ಹೋದೆ. ಹಿಮೆಲ್‌ನ ಮಣ್ಣು ಮಾಡುವ ದೃಶ್ಯ ಬಂತು. ಅಲ್ಲಿಯವರೆಗೆ ಕಲ್ಲಿನಂತಿದ್ದ ಫ್ರೀರೆನ್ ಅಳುತ್ತಾಳೆ. ಇವನ ಜೊತೆ ಹತ್ತು ವರ್ಷ ನಡೆದೆ, ಇವನು ಯಾರೆಂದು ತಿಳಿದುಕೊಳ್ಳಲಿಲ್ಲವಲ್ಲ ಎಂಬ ಅಳು ಅದು. ನಾನು ನಿಲ್ಲಿಸಲು ಹೋದರೆ ಆಯಿ ಕೈ ಅಡ್ಡ ಹಿಡಿದಳು. ‘ಬ್ಯಾಡ ಬಿಡು. ತಿಳೀತು.’

ನಮ್ಮ ಮುತ್ಯಾ ನಾನು ಎರಡನೇ ಸೆಮಿಸ್ಟರ್‌ನಲ್ಲಿದ್ದಾಗ ತೀರಿಕೊಂಡ. ಅದರ ಹಿಂದಿನ ಭಾನುವಾರ ‘ಹೊಲಕ್ಕ ಹೋಗಿ ಬರಮು, ಬಾ’ ಎಂದು ಕರೆದಿದ್ದ. ‘ಮುಂದಿನ ವಾರ’ ಎಂದಿದ್ದೆ. ಆಗ ಯಾವುದೋ ಧಾರಾವಾಹಿ ನೋಡುತ್ತಿದ್ದೆ, ಯಾವುದೆಂದು ಈಗ ನೆನಪೂ ಇಲ್ಲ. ಹದಿನೆಂಟು ವರ್ಷ ಒಂದೇ ಮನೆಯಲ್ಲಿದ್ದರೂ ಅವನನ್ನು ನಾನು ಏನೂ ಕೇಳಿರಲಿಲ್ಲ.

ಆ ರಾತ್ರಿ ಊಟವಾದ ಮೇಲೆ ಆಯಿ ತಾನಾಗಿಯೇ ಹೇಳಿದಳು. ಮದುವೆಯಾದ ಹೊಸದರಲ್ಲಿ ಮುತ್ಯಾ ಕಮಲಾಪುರದಿಂದ ಕೆಂಪು ಬಾಳೆಯ ಕಂದುಗಳನ್ನು ಹೊತ್ತು ತಂದು ಬಾವಿಯ ಹತ್ತಿರ ಹಚ್ಚಿದ್ದನಂತೆ. ಆಯಿಗೆ ಆ ಹಣ್ಣು ಇಷ್ಟ ಅಂತ. ಮುಂದೆ ಬಾವಿ ಬತ್ತಿ ಗಿಡಗಳು ಹೋದವು. ಬಾವಿಯ ಆ ಮೂಲೆಗೆ ನಮ್ಮ ಮನೆಯಲ್ಲಿ ‘ಬಾಳಿ ಮೂಲಿ’ ಎಂದು ಯಾಕೆ ಅನ್ನುತ್ತಾರೆ ಎಂಬುದು ನನಗೆ ಅವತ್ತು ಗೊತ್ತಾಯಿತು. ಅಲ್ಲಿ ಬಾಳೆ ನಾನು ಯಾವತ್ತೂ ನೋಡಿರಲಿಲ್ಲ.

ಫ್ರೀರೆನ್‌ಳಲ್ಲಿ ಹೊಡೆದಾಟ ಕಡಿಮೆ, ನಿಧಾನ ಹೆಚ್ಚು. ಮಾಂತ್ರಿಕರ ಪರೀಕ್ಷೆಯ ಭಾಗ ನನಗೆ ಎಳೆದಂತೆ ಅನಿಸಿತು. ಆದರೂ ಈ ನಾಲ್ಕರಲ್ಲಿ ಮೊದಲ ಸ್ಥಾನ ಇದಕ್ಕೇ.

ಕೊನೆಯದು ‘ಆರ್ಬ್’. 2024ರ ಅಕ್ಟೋಬರ್‌ನಿಂದ 25 ಎಪಿಸೋಡ್ ಬಂತು. ಹದಿನೈದನೇ ಶತಮಾನದ ಯುರೋಪ್, ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದವರಿಗೆ ಚಿತ್ರಹಿಂಸೆ, ಸಾವು. ಇದನ್ನು ಇತಿಹಾಸವೆಂದು ನೋಡಬೇಡಿ. ಕೊಪರ್ನಿಕಸ್‌ನ ಪುಸ್ತಕ ಬಂದದ್ದು 1543ರಲ್ಲಿ, ಧಾರಾವಾಹಿಯಲ್ಲಿರುವುದು ಅದಕ್ಕೂ ಹಿಂದಿನ ಕಲ್ಪಿತ ಕಥೆ. ಹಿಂಸೆಯ ದೃಶ್ಯಗಳು ಕಠೋರವಾಗಿವೆ, ಚಿಕ್ಕವರಿಗೆ ತೋರಿಸಬಾರದು. ಇಲ್ಲಿ ನಾಯಕನೇ ಉಳಿಯುವುದಿಲ್ಲ. ಒಬ್ಬ ಸತ್ತರೆ ಅವನು ಬಚ್ಚಿಟ್ಟ ಬರಹ ಮತ್ತೊಬ್ಬನ ಕೈಗೆ ಸಿಗುತ್ತದೆ. ಅವರಲ್ಲಿ ಓಕ್ಜಿ ಎಂಬವನಿಗೆ ಅಕ್ಷರವೇ ಬರುವುದಿಲ್ಲ. ಓದಲು ಕಲಿಯುತ್ತಾನೆ, ಆಮೇಲೆ ಬರೆಯುತ್ತಾನೆ. ಪಂಡಿತರ ಲೆಕ್ಕಗಳ ಜೊತೆಗೆ ಆ ಅನಕ್ಷರಸ್ಥನ ಬರಹವೂ ಮುಂದಿನವರಿಗೆ ಬೇಕಾಗುತ್ತದೆ.

ನಾಲ್ಕನ್ನೂ ಒಟ್ಟಿಗಿಟ್ಟು ನೋಡಿದರೆ ನನಗೆ ತಿಳಿದದ್ದು ಇಷ್ಟು. ಒಬ್ಬನೇ ಮೇಲೇರುವ ಕಥೆ ನೋಡುವಾಗ ರೋಮಾಂಚನವಾಗುತ್ತದೆ, ಬಸ್ಸಿಳಿದ ಮೇಲೆ ಉಳಿಯುವುದಿಲ್ಲ. ಒಬ್ಬರಿಂದೊಬ್ಬರಿಗೆ ದಾಟುವ ಕಥೆ ಉಳಿಯುತ್ತದೆ.

ಆದರೆ ದಾಟಬೇಕಾದರೆ ಭಾಷೆ ಬೇಕಲ್ಲ? ‘ಸೋಲೋ ಲೆವೆಲಿಂಗ್’ ಹಿಂದಿ, ತಮಿಳು, ತೆಲುಗಿನಲ್ಲಿ ಸಿಗುತ್ತದೆ. ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಸಿನಿಮಾ 2025ರ ಸೆಪ್ಟೆಂಬರ್ 12ರಂದು ನಮ್ಮ ದೇಶದಲ್ಲಿ ಬಿಡುಗಡೆಯಾದಾಗಲೂ ಅದೇ ಮೂರು ಭಾಷೆ, ಜೊತೆಗೆ ಜಪಾನಿ, ಇಂಗ್ಲಿಷ್. ಕನ್ನಡ ಇರಲಿಲ್ಲ. ನಾವು ನಾಲ್ವರು ಗೆಳೆಯರು ಹಿಂದಿಯಲ್ಲಿ ನೋಡಿ ಬಂದೆವು. ಕನ್ನಡದಲ್ಲಿ ಸಿಗುವ ಅತ್ಯಂತ ಹಳೆಯ ಕೃತಿ ‘ಕವಿರಾಜಮಾರ್ಗ’. ಅದು ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಳಖೇಡ ನಮ್ಮ ಜಿಲ್ಲೆಯಲ್ಲೇ ಇದೆ. ಅಲ್ಲಿಯ ಹುಡುಗರೂ ಹಿಂದಿಯಲ್ಲೇ ನೋಡಬೇಕು.

ಡಬ್ಬಿಂಗ್ ಬೇಡ ಎಂಬ ವಾದ ನಮ್ಮಲ್ಲಿ ಹಳೆಯದು. ನಮ್ಮ ಕಲಾವಿದರ ಅನ್ನ ಹೋಗುತ್ತದೆ ಎಂಬ ಭಯ ಅದರ ಹಿಂದಿತ್ತು, ಅದು ಸುಳ್ಳು ಭಯವೇನಲ್ಲ. ಆದರೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದು ಹೇಳಿ ದಂಡವನ್ನೂ ಹಾಕಿತು. ಮಕ್ಕಳ ಕಾರ್ಟೂನ್‌ಗಳು ಚಿಂಟು ಟಿವಿಯಲ್ಲಿ ಕನ್ನಡ ಮಾತಾಡುತ್ತ ಬಹಳ ವರ್ಷವಾಯಿತು. 2023ರಲ್ಲಿ ಸ್ಪೈಡರ್‌ಮ್ಯಾನ್‌ನ ಅನಿಮೇಷನ್ ಸಿನಿಮಾ ಕನ್ನಡದಲ್ಲೂ ಬಂತು. ಆಗದ ಕೆಲಸವೇನಲ್ಲ ಇದು.

ತಪ್ಪು ನಮ್ಮದೂ ಇದೆ. ಆ ಸ್ಪೈಡರ್‌ಮ್ಯಾನ್ ಕನ್ನಡದಲ್ಲಿ ಬಂದಾಗ ನಾನು ಇಂಗ್ಲಿಷ್‌ನಲ್ಲೇ ನೋಡಿದೆ. ಕನ್ನಡದಲ್ಲಿ ನೋಡಿದರೆ ಗೆಳೆಯರು ನಗುತ್ತಾರೆ ಅಂತ. ನೋಡುವವರಿಲ್ಲ ಎಂದು ಅವರು ತರುವುದಿಲ್ಲ, ತರುವುದಿಲ್ಲ ಎಂದು ನಾವು ಬೇರೆ ಭಾಷೆಗೆ ಹೋಗುತ್ತೇವೆ. ಸಬ್‌ಟೈಟಲ್ ಓದಿಯೇ ನನ್ನ ಇಂಗ್ಲಿಷ್ ಸುಧಾರಿಸಿತು, ಸುಳ್ಳಲ್ಲ. ಆದರೆ ಆಯಿ ಈ ವಯಸ್ಸಿನಲ್ಲಿ ಇಂಗ್ಲಿಷ್ ಸುಧಾರಿಸಿಕೊಳ್ಳಬೇಕೇ?

ಬಂದರೆ ಎಂಥ ಕನ್ನಡ ಬರಬೇಕು ಎಂಬುದೂ ಮುಖ್ಯ. ಟಿವಿಯಲ್ಲಿ ಬರುವ ಕನ್ನಡ ಕೇಳಿದರೆ ಆಯಿ ‘ಇವ್ರು ಬೆಂಗಳೂರ್ ಕಡೆಯವ್ರೇನು?’ ಎನ್ನುತ್ತಾಳೆ. ಮುದುಕ ಕಸೆಕಿಗೆ ಒಬ್ಬ ಕಲಬುರಗಿ ಕಲಾವಿದ ದನಿ ಕೊಟ್ಟರೆ ಹೇಗಿರುತ್ತದೆ, ಊಹಿಸಿ.

ಗಣಿತದ ಬ್ಯಾಕ್ ಐದನೇ ಸೆಮಿಸ್ಟರ್‌ನಲ್ಲಿ ಕ್ಲಿಯರ್ ಆಯಿತು. ಪಕ್ಕದ ಬೆಂಚಿನ ಗೆಳೆಯನನ್ನು ಕೊನೆಗೂ ಕೇಳಿದೆ. ಅವನು ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಹದಿನೈದು ದಿನ ಹೇಳಿಕೊಟ್ಟ.

ಭಾನುವಾರ ಮಾತ್ರ ನಮ್ಮ ಮನೆಯಲ್ಲಿ ಡಬ್ಬಿಂಗ್ ಕೆಲಸ ನಡೆಯುತ್ತದೆ. ದನಿ ನನ್ನದು, ಕೇಳುವವಳು ಒಬ್ಬಳೇ. ಇಪ್ಪತ್ನಾಲ್ಕು ನಿಮಿಷದ ಎಪಿಸೋಡಿಗೆ ಒಂದು ತಾಸು ಹಿಡಿಯುತ್ತದೆ, ಯಾಕೆಂದರೆ ಆಯಿ ನಡುವೆ ತನ್ನ ಕಥೆಗಳನ್ನೂ ಹೇಳುತ್ತಾಳೆ. 28ರಲ್ಲಿ 16 ಮುಗಿದಿವೆ. ಪರೀಕ್ಷೆ ಅಂತ ಎರಡು ವಾರ ಬಿಟ್ಟಿದ್ದಕ್ಕೆ ಮೊನ್ನೆ ಅವಳೇ ಕೇಳಿದಳು: ‘ಆ ಉದ್ದ ಕಿವಿ ಹುಡುಗಿ ಎಲ್ಲಿತನ ಹೋದಳೋ ತಮ್ಮಾ?’

ಕಾರ್ಟೂನ್ ಅನ್ನಲಿಲ್ಲ.