ಪರದೇಶದ ಒಲೆ, ಪರದೆಯ ಮೇಲೆ

“ಭಾಷೆಯೇ ತಿಳಿಯದ ಸಿನಿಮಾ ನೋಡಿ ಏನು ಮಾಡೋದು ಹೇಳಿ?” ಎಂದು ಮೂಗು ಮುರಿಯುವವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಅವರಿಗೆ ನಾನು ಹೇಳುವುದಿಷ್ಟೆ. ಮಾತು ತಿಳಿಯದಿದ್ದರೆ ಬಿಡಿ, ಒಲೆಯ ಮೇಲೆ ಏನು ಬೇಯುತ್ತಿದೆ ಅಂತ ನೋಡಿ. ಅದು ನಮಗೆ ಅರ್ಥವಾಗುವಷ್ಟು ದೊಡ್ಡ ದೊಡ್ಡ ವಿಮರ್ಶಕರಿಗೂ ಅರ್ಥವಾಗಲಿಕ್ಕಿಲ್ಲ!

ಹೊರದೇಶದ ನಿರ್ದೇಶಕರಿಗೂ ನಮ್ಮ ಹಾಗೆಯೇ ಒಂದು ಪೇಚಾಟವಿದೆ. ದೂರದ ನೆಂಟರು ಬಂದ ದಿನ ಸಾರಿಗೆ ಖಾರ ಎಷ್ಟು ಹಾಕೋಣ ಅಂತ ಕೈ ತಡೆಯುತ್ತದಲ್ಲ, ಅದೇ ಪೇಚಾಟ. ಪೂರ್ತಿ ಹಾಕಿದರೆ ಅವರ ಕಣ್ಣಲ್ಲಿ ನೀರು, ಹಾಕದಿದ್ದರೆ ಅದು ನಮ್ಮ ಮನೆಯ ಸಾರೇ ಅಲ್ಲ. ತಮ್ಮ ಊರಿನ ಕತೆಯನ್ನು ಆ ಊರಿನ ಹೆಸರೂ ಕೇಳದವರಿಗೆ ಹೇಳುವಾಗ ಖಾರ ಎಷ್ಟಿರಬೇಕು?

‘ಬಾಬೆಟ್ಸ್ ಫೀಸ್ಟ್’ ಎಂಬ ಡೆನ್ಮಾರ್ಕಿನ ಚಿತ್ರವನ್ನೇ ತೆಗೆದುಕೊಳ್ಳಿ. ಗೇಬ್ರಿಯಲ್ ಆಕ್ಸೆಲ್ ನಿರ್ದೇಶಿಸಿ 1987ರಲ್ಲಿ ತೆರೆಕಂಡ ಇದಕ್ಕೆ ಮರುವರ್ಷ ಅತ್ಯುತ್ತಮ ವಿದೇಶಿ ಭಾಷಾ ಚಿತ್ರದ ಆಸ್ಕರ್ ಬಂತು. ಕತೆ ಬರೆದವಳು ಕರೆನ್ ಬ್ಲಿಕ್ಸನ್, ಡೆನ್ಮಾರ್ಕಿನವಳೇ. ಆದರೆ ಅವಳು ಅದನ್ನು ಇಂಗ್ಲಿಷಿನಲ್ಲಿ ಬರೆದು, ಐಸಾಕ್ ಡಿನೆಸೆನ್ ಎಂಬ ಗಂಡು ಹೆಸರಿಟ್ಟುಕೊಂಡು ಪ್ರಕಟಿಸಿದಳು. ಅದು ಮೊದಲು ಅಚ್ಚಾದದ್ದು ಎಲ್ಲಿ ಗೊತ್ತೇ? 1950ರಲ್ಲಿ, ಅಮೆರಿಕದ ‘ಲೇಡೀಸ್ ಹೋಮ್ ಜರ್ನಲ್’ ಎಂಬ ಪತ್ರಿಕೆಯಲ್ಲಿ. ನೀವೀಗ ಕೈಯಲ್ಲಿ ಹಿಡಿದಿರುವಂಥದ್ದೇ ಒಂದು ಮಹಿಳಾ ಪತ್ರಿಕೆ! ನಮ್ಮ ಈ ಪುಟಗಳನ್ನು ಹಪ್ಪಳ, ಉಪ್ಪಿನಕಾಯಿ ಎಂದು ಹಗುರವಾಗಿ ಮಾತಾಡುವವರಿಗೆ ಇದನ್ನೊಂದು ಸಲ ಹೇಳಿಬಿಡಿ.

ಬ್ಲಿಕ್ಸನ್ ಕತೆಯನ್ನು ನಾರ್ವೆಯ ಒಂದು ಕಡಲೂರಿನಲ್ಲಿ ಇಟ್ಟಿದ್ದಳು. ಮನೆಗಳಿಗೆಲ್ಲ ಬಣ್ಣ ಬಣ್ಣ, ನೋಡಲು ಆಟಿಕೆಯ ಊರಿನ ಹಾಗೆ. ಆಕ್ಸೆಲ್ ಅದನ್ನು ಎತ್ತಿ ತನ್ನ ದೇಶದ ಜಟ್‌ಲೆಂಡ್ ತೀರಕ್ಕೆ ತಂದ. ಅಲ್ಲಿ ಗಾಳಿ, ಮರಳು, ಬೂದುಬಣ್ಣದ ಆಕಾಶ, ನಾಲ್ಕು ಹುಲ್ಲು ಹೊದಿಸಿದ ಮನೆಗಳು, ಇಷ್ಟೆ. ಹೊರಗಿನವರನ್ನು ಮೆಚ್ಚಿಸಲೆಂದೇ ಹೊರಟಿದ್ದರೆ ಬಣ್ಣದ ಊರನ್ನು ಉಳಿಸಿಕೊಳ್ಳಬೇಕಿತ್ತು, ಅಲ್ಲವೇ? ಅವನು ಇನ್ನಷ್ಟು ಸಪ್ಪೆ ಊರನ್ನು ಹುಡುಕಿದ. ಆ ಸಪ್ಪೆಯ ಮೇಲೆಯೇ ಕೊನೆಯ ಔತಣದ ರುಚಿ ನಿಂತಿದೆ.

ಆ ಊರಲ್ಲಿ ಮಾರ್ಟಿನ್, ಫಿಲಿಪ್ಪಾ ಎಂಬ ಇಬ್ಬರು ವಯಸ್ಸಾದ ಅಕ್ಕತಂಗಿಯರು. ತೀರಿಕೊಂಡ ಅಪ್ಪ ಪಾದ್ರಿ, ಬಹಳ ಕಟ್ಟುನಿಟ್ಟಿನವ. 1871ರ ಪ್ಯಾರಿಸ್ ದಂಗೆಯಲ್ಲಿ ಗಂಡ, ಮಗ ಇಬ್ಬರನ್ನೂ ಕಳೆದುಕೊಂಡ ಬಾಬೆಟ್ ಎಂಬ ಫ್ರೆಂಚ್ ಹೆಂಗಸು ಇವರ ಮನೆಗೆ ಬಂದು ಆಶ್ರಯ ಕೇಳುತ್ತಾಳೆ. ಸಂಬಳ ಬೇಡ, ಇರಲು ಜಾಗ ಕೊಡಿ, ಅಡುಗೆ ಮಾಡಿಕೊಂಡಿರುತ್ತೇನೆ ಅಂತ. ಅಕ್ಕತಂಗಿಯರು ಅವಳಿಗೆ ಅಡುಗೆ ಕಲಿಸುತ್ತಾರೆ! ಒಣಮೀನು ನೆನೆಹಾಕುವುದು ಹೀಗೆ, ಬ್ರೆಡ್ಡನ್ನು ಬಿಯರಿನಲ್ಲಿ ಬೇಯಿಸಿ ಗಂಜಿ ಮಾಡುವುದು ಹೀಗೆ. ಅವಳು ತುಟಿ ಬಿಚ್ಚದೆ ಕಲಿಯುತ್ತಾಳೆ. 14 ವರ್ಷ ಅದನ್ನೇ ಬೇಯಿಸುತ್ತಾಳೆ. ತಾನು ಪ್ಯಾರಿಸ್ಸಿನ ಹೆಸರಾಂತ ಹೋಟೆಲಿನ ಮುಖ್ಯ ಅಡುಗೆಯವಳಾಗಿದ್ದೆ ಎಂದು ಯಾರಿಗೂ ಹೇಳುವುದಿಲ್ಲ.

ಇದನ್ನು ನಮಗೆ ಯಾರಾದರೂ ಬಿಡಿಸಿ ಹೇಳಬೇಕೇ? ಜೋಳದ ರೊಟ್ಟಿ ತಟ್ಟುವ ಮನೆಯಲ್ಲಿ ಬೆಳೆದು ಕುಚ್ಚಲಕ್ಕಿಯ ಊರಿಗೆ ಸೊಸೆಯಾಗಿ ಹೋದವರಿದ್ದಾರೆ. “ನಮ್ಮಲ್ಲಿ ಹುಳಿಗೆ ಬೆಲ್ಲ ಹಾಕ್ತೀವಮ್ಮ” ಎಂದು ಅತ್ತೆ ಹೇಳಿದ ದಿನದಿಂದ ಬೆಲ್ಲ ಹಾಕಿದವರಿದ್ದಾರೆ. ತವರಿನ ಒಂದು ಪಲ್ಯವನ್ನು ವರ್ಷಗಟ್ಟಲೆ ಕೈಯಲ್ಲೇ ಇಟ್ಟುಕೊಂಡು, ಒಮ್ಮೆಯೂ ಒಲೆಗೇರಿಸದೆ ಉಳಿದವರಿದ್ದಾರೆ. ಡೆನ್ಮಾರ್ಕಿನ ಒಣಮೀನು ನಾವು ಕಂಡಿಲ್ಲ, ಸರಿ. ಬಾಬೆಟ್‌ಳ ಮೌನವನ್ನು ಕಂಡಿದ್ದೇವೆ.

ಬಾಬೆಟ್‌ಳಿಗೆ ಲಾಟರಿಯಲ್ಲಿ 10,000 ಫ್ರಾಂಕ್ ಬರುತ್ತದೆ. ಪಾದ್ರಿಯ ನೂರನೆಯ ಹುಟ್ಟುಹಬ್ಬಕ್ಕೆ ಒಂದೇ ಒಂದು ಸಲ ನನ್ನ ದೇಶದ ಊಟ ಬಡಿಸುತ್ತೇನೆ, ನನ್ನ ಖರ್ಚಿನಲ್ಲೇ, ಎಂದು ಕೇಳಿಕೊಳ್ಳುತ್ತಾಳೆ. ಜೀವಂತ ಆಮೆ ಬರುತ್ತದೆ, ಪಂಜರದಲ್ಲಿ ಹಕ್ಕಿಗಳು ಬರುತ್ತವೆ. (ನಮ್ಮಲ್ಲಿ ಸಸ್ಯಾಹಾರಿಗಳು ಇಲ್ಲಿ ಕಣ್ಣುಮುಚ್ಚಿಕೊಳ್ಳಬಹುದು. ಚಿಂತೆಯಿಲ್ಲ, ಮಾರ್ಟಿನ್‌ಗೂ ಅದನ್ನು ನೋಡಿ ರಾತ್ರಿ ಕೆಟ್ಟ ಕನಸು ಬೀಳುತ್ತದೆ.) ಹೆದರಿದ ಊರವರು ಊಟದ ಬಗ್ಗೆ ಒಂದು ಮಾತೂ ಆಡುವುದಿಲ್ಲವೆಂದು ಆಣೆ ಮಾಡಿ ಎಲೆಯ ಮುಂದೆ ಕೂರುತ್ತಾರೆ. ಆ ಹನ್ನೆರಡು ಮಂದಿಯಲ್ಲಿ ಲೋಕ ಸುತ್ತಿದ ಒಬ್ಬ ಸೇನಾಧಿಕಾರಿಗೆ ಮಾತ್ರ ತಾನು ಏನು ತಿನ್ನುತ್ತಿದ್ದೇನೆಂದು ಗೊತ್ತು.

ನಿರ್ದೇಶಕನ ಜಾಣತನ ಇಲ್ಲಿದೆ ನೋಡಿ. ನಮಗೆ ಆ ಊಟ ಗೊತ್ತಿಲ್ಲ, ಪರದೆಯ ಮೇಲಿನ ಊರವರಿಗೂ ಗೊತ್ತಿಲ್ಲ. ನಾವು ಅವರ ಜೊತೆಗೇ ಅನುಮಾನದಿಂದ ಮೊದಲ ಚಮಚ ಬಾಯಿಗಿಡುತ್ತೇವೆ. ಹಳೆಯ ಜಗಳ ಹೊತ್ತುಕೊಂಡು ಬಂದವರ ಮುಖಗಳು ಒಂದೊಂದಾಗಿ ಸಡಿಲವಾಗುತ್ತವೆ. ಅದಕ್ಕೆ ಯಾವ ಅನುವಾದ ಬೇಕು? ಊಟ ಮುಗಿದ ಮೇಲೆ ಬಾಬೆಟ್ ಹೇಳುತ್ತಾಳೆ, ಹತ್ತು ಸಾವಿರವೂ ಖರ್ಚಾಯಿತು ಅಂತ. ಇಷ್ಟು ದುಂದೇ ಎಂದು ಬೈಯುವವರು ಬೈಯಲಿ. ನನಗೆ ಮಾತ್ರ ಆ ಹತ್ತು ಸಾವಿರ ಸ್ವಲ್ಪವೂ ಹೆಚ್ಚೆನಿಸಲಿಲ್ಲ.

ತೈವಾನಿನ ಆಂಗ್ ಲೀ 1994ರಲ್ಲಿ ಮಾಡಿದ ‘ಈಟ್ ಡ್ರಿಂಕ್ ಮ್ಯಾನ್ ವುಮನ್’ ಕತೆಯಲ್ಲಿ ಬಾಣಸಿಗ ಅಪ್ಪ, ಮೂವರು ಹೆಣ್ಣುಮಕ್ಕಳು. ಭಾನುವಾರದ ಔತಣಕ್ಕೆ ತರಕಾರಿ ಹೆಚ್ಚುವ, ಹಬೆಯಲ್ಲಿ ಬೇಯಿಸುವ ಆರಂಭವನ್ನು ಮಾತಿಲ್ಲದೆಯೇ ನೋಡುತ್ತಾ ಕೂರಬಹುದು. ಬರೆದವರಲ್ಲಿ ಜೇಮ್ಸ್ ಶೇಮಸ್ ಎಂಬ ಅಮೆರಿಕದವನೂ ಇದ್ದ. ಮುಂದೆ 2001ರಲ್ಲಿ ಇದೇ ಕತೆ ಅಮೆರಿಕದ ಮೆಕ್ಸಿಕನ್ ಕುಟುಂಬವೊಂದಕ್ಕೆ ಹೋಗಿ ‘ಟಾರ್ಟಿಯಾ ಸೂಪ್’ ಆಯಿತು. ಅಪ್ಪ ಅದೇ, ಮೂವರು ಮಕ್ಕಳು ಅದೇ, ಪಾತ್ರೆಯಲ್ಲಿರುವುದು ಬೇರೆ. ನನಗೆ ಮನಸ್ಸಿಗೆ ತಟ್ಟಿದ್ದು ಎರಡನೆಯ ಮಗಳು. ಅಡುಗೆ ಎಂದರೆ ಪ್ರಾಣ, ಆದರೆ ಓದಿ ಮುಂದೆ ಬರಲೆಂದು ಅಪ್ಪ ಅವಳನ್ನು ಅಡುಗೆಮನೆಯಿಂದಲೇ ಆಚೆ ಕಳಿಸಿದ್ದಾನೆ. ನಮ್ಮಲ್ಲಿ ಒಳಗೆ ತಳ್ಳಿದವರ ಕತೆಗಳೇ ಹೆಚ್ಚು!

ಇನ್ನು ದಕ್ಷಿಣ ಕೊರಿಯಾದ ‘ಪ್ಯಾರಾಸೈಟ್’. 2019ರಲ್ಲಿ ಬಂದ ಬಾಂಗ್ ಜೂನ್-ಹೋ ಅವರ ಈ ಚಿತ್ರ 2020ರಲ್ಲಿ ಅತ್ಯುತ್ತಮ ಚಿತ್ರದ ಆಸ್ಕರ್ ಗೆದ್ದಿತು. ಇಂಗ್ಲಿಷ್ ಅಲ್ಲದ ಚಿತ್ರಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಅದರಲ್ಲಿ ಸುರಿಯುವ ಮಳೆಯಲ್ಲಿ ಕಾರಿನಿಂದ ಯಜಮಾನಿ ಫೋನ್ ಮಾಡುತ್ತಾಳೆ: ಎಂಟು ನಿಮಿಷದಲ್ಲಿ ಮನೆ ತಲುಪುತ್ತೇವೆ, ಮಗನಿಗೆ ‘ಜ್ಜಾಪಗುರಿ’ ಮಾಡಿಡು, ಫ್ರಿಜ್ಜಿನಲ್ಲಿರುವ ದನದ ಮಾಂಸವನ್ನೂ ಹಾಕು. ಎಂಟು ನಿಮಿಷ! ಫೋನ್ ಮಾಡುವವರಿಗೆ ನೀರು ಕುದಿಯಲು ಎಷ್ಟು ಹೊತ್ತು ಬೇಕೆಂಬುದು ಯಾವ ದೇಶದಲ್ಲೂ ತಿಳಿಯುವುದಿಲ್ಲವೋ ಏನೋ.

ಜ್ಜಾಪಗುರಿ ಎಂದರೆ ಅಂಗಡಿಯಲ್ಲಿ ಸಿಗುವ ಎರಡು ಬಗೆಯ ಅಗ್ಗದ ನೂಡಲ್ಸ್ ಪೊಟ್ಟಣ ಒಡೆದು ಬೆರೆಸಿದ್ದು. ಅದರ ಮೇಲೆ ಅಲ್ಲಿನ ಅತಿ ದುಬಾರಿ ಮಾಂಸ. ಕೊರಿಯಾದವರಿಗೆ ಇಷ್ಟು ಕಂಡರೆ ಸಾಕು, ಆ ಮನೆಯ ಸಿರಿವಂತಿಕೆ ಎಂಥದ್ದೆಂದು ತಿಳಿಯುತ್ತದೆ. ಹೊರಗಿನವರಿಗೆ? ಇಂಗ್ಲಿಷ್ ಉಪಶೀರ್ಷಿಕೆ ಬರೆದ ಡಾರ್ಸಿ ಪಾಕೆಟ್ ರಾಮೆನ್, ಉಡಾನ್ ಎಂಬ ಎರಡು ಪರಿಚಿತ ಹೆಸರು ಕೂಡಿಸಿ ‘ರಾಮ್-ಡಾನ್’ ಎಂಬ ಹೊಸ ಪದವನ್ನೇ ಹೊಸೆದರು. ಅದು ಜಾಣತನ, ಒಪ್ಪುತ್ತೇನೆ. ಪೊಟ್ಟಣದ ಅಗ್ಗ ಕಳೆದುಹೋದರೂ ತಟ್ಟೆಯ ಮೇಲಿನ ಮಾಂಸದ ತುಂಡುಗಳು ಆ ಮಾತನ್ನು ಆಡಿಬಿಡುತ್ತವೆ. ಆದರೆ ಸೋಲ್ ವಿಶ್ವವಿದ್ಯಾಲಯ ಎಂದಿದ್ದನ್ನು ಆಕ್ಸ್‌ಫರ್ಡ್ ಮಾಡಿದ್ದು ನನಗೆ ಸರಿಬರಲಿಲ್ಲ. ಅಷ್ಟು ಖಾರ ತಡೆಯದ ನೆಂಟರು ಯಾರಿದ್ದಾರೆ?

ತಮಾಷೆ ಏನೆಂದರೆ, ಚಿತ್ರ ಗೆದ್ದ ಮೇಲೆ ಲೋಕವೆಲ್ಲ ಆ ಹಳೆಯ ಕೊರಿಯನ್ ಹೆಸರನ್ನೇ ಹುಡುಕಿಕೊಂಡು ಹೋಯಿತು. ಆ ನೂಡಲ್ಸ್ ಕಂಪನಿ 2020ರಲ್ಲಿ ಎರಡನ್ನೂ ತಾನೇ ಬೆರೆಸಿ ಕಪ್ಪಿನಲ್ಲಿ ತುಂಬಿ ಮಾರಾಟಕ್ಕಿಟ್ಟಿತು.

ನಮ್ಮ ಗಿರೀಶ್ ಕಾಸರವಳ್ಳಿಯವರ 1977ರ ‘ಘಟಶ್ರಾದ್ಧ’ವನ್ನು ಹೊಸದಾಗಿ ಶುದ್ಧಗೊಳಿಸಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದರು. ಆ ಶೀರ್ಷಿಕೆಯನ್ನು ಇಟಲಿಯ ಗೃಹಿಣಿಗೆ ಹೇಗೆ ತಿಳಿಸುತ್ತೀರಿ? ಬದುಕಿರುವ ಹೆಣ್ಣಿಗೇ ಶ್ರಾದ್ಧ ಮಾಡುವುದನ್ನು ಒಂದು ಸಾಲಿನ ಉಪಶೀರ್ಷಿಕೆಗೆ ಇಳಿಸಲು ಆಗುತ್ತದೆಯೇ? ಆದರೆ ಆ ಯಮುನಕ್ಕನ ಬೋಳುತಲೆಯನ್ನು ಕಂಡರೆ ಅವಳಿಗೂ ಎದೆ ಧಸಕ್ಕೆನ್ನದೆ ಇರದು.

ನೋಡಬೇಕೆನಿಸಿತೇ? ‘ಬಾಬೆಟ್ಸ್ ಫೀಸ್ಟ್’ನಿಂದ ಶುರು ಮಾಡಿ. ಮನೆಯಲ್ಲಿ ಇಂಗ್ಲಿಷ್ ಓದುವ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಅಡಿಬರಹ ಓದಿಸಿ. ಮೊದಲ ಅರ್ಧ ನಿಧಾನ, ಆ ಹೊತ್ತಿಗೆ ಬೇಕಾದರೆ ಅವರೆಕಾಯಿ ಸುಲಿದುಕೊಳ್ಳಿ. ಆಮೆ ಬಂದ ಮೇಲೆ ಮಾತ್ರ ಮೊರವನ್ನು ಪಕ್ಕಕ್ಕಿಡಿ. ಮತ್ತೆ, ದಯವಿಟ್ಟು ಹಸಿದ ಹೊಟ್ಟೆಯಲ್ಲಿ ಕೂರಬೇಡಿ!